ಸತ್ಯಾಂಶ: ಮನೆಯ ಗುಳಿಗೆ ಕೇಳುವವರು ಬಿಲ್ ಏರಿಸಲು ಬಂದವರಲ್ಲ

ಡೊಂಬಿವಲಿಯ ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಬಂದ ಫಾರ್ವರ್ಡ್ ಇದು: "ಆಸ್ಪತ್ರೆಯಲ್ಲಿ ಹಾಸಿಗೆ ಹತ್ತಿರ ಬಂದು ಮನೆಯ ಔಷಧಿ ವಿಚಾರಿಸುವವರು ಮೆಡಿಕಲ್ ಅಂಗಡಿಯವರು. ಏನೂ ಹೇಳಬೇಡಿ, ಬಿಲ್ ಏರುತ್ತದೆ."

ತಪ್ಪು ಮಾಹಿತಿ. ಹಾಗೆ ವಿಚಾರಿಸುವುದು ಕ್ಲಿನಿಕಲ್ ಫಾರ್ಮಸಿಸ್ಟ್, ಅಂದರೆ ಆಸ್ಪತ್ರೆಯಲ್ಲಿ ರೋಗಿಯ ಔಷಧಿಗಳನ್ನು ಪರಿಶೀಲಿಸುವ ತಜ್ಞರ, ಕೆಲಸದ ಮೊದಲ ಹೆಜ್ಜೆ. ಇದಕ್ಕೆಂದೇ ಆರು ವರ್ಷಗಳ ಫಾರ್ಮ್ ಡಿ (ಡಾಕ್ಟರ್ ಆಫ್ ಫಾರ್ಮಸಿ) ಕೋರ್ಸ್ 2008ರಿಂದ ನಮ್ಮ ದೇಶದಲ್ಲಿದೆ. ಕೊನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್.

ಉದಾಹರಣೆಗೆ, ಹೃದಯದ ಕವಾಟ ಬದಲಿಸಿಕೊಂಡ ಅಜ್ಜ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುತ್ತಿರುತ್ತಾರೆ. ಮಂಡಿನೋವಿಗೆ ಯಾರೋ ಕೊಟ್ಟ ಐಬುಪ್ರೊಫೇನ್ ಕೂಡ ನುಂಗುತ್ತಾರೆ, ಆದರೆ ಡಾಕ್ಟರಿಗೆ ಹೇಳಿರುವುದಿಲ್ಲ. (ನೋವಿನ ಗುಳಿಗೆಯನ್ನು ನಮ್ಮವರು ಔಷಧಿಯ ಲೆಕ್ಕಕ್ಕೇ ಹಿಡಿಯುವುದಿಲ್ಲ!) ಎರಡೂ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಅಪಾಯ ಹೆಚ್ಚು. ಇನ್ನು ಜೆಂಟಾಮೈಸಿನ್‌ನಂಥ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿದ್ದರೆ (ಮೂತ್ರಪಿಂಡ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ) ಪ್ರಮಾಣ ಇಳಿಸಬೇಕು, ಇಲ್ಲವೇ ಎರಡು ಡೋಸ್‌ಗಳ ನಡುವಿನ ಅಂತರ ಹೆಚ್ಚಿಸಬೇಕು. ಮೂಗಿನ ನಳಿಕೆಯಲ್ಲಿ ಆಹಾರ ಹೋಗುತ್ತಿರುವ ರೋಗಿಗೆ ನಿಧಾನವಾಗಿ ಕರಗುವ ಮಾತ್ರೆಯನ್ನು ಪುಡಿ ಮಾಡಿ ಕೊಟ್ಟರೆ, ಇಡೀ ದಿನದ ಔಷಧಿ ಒಮ್ಮೆಲೇ ಮೈಗೆ ಸೇರಬಹುದು. ಇಂಥದ್ದನ್ನು ಹಿಡಿದು ಡಾಕ್ಟರಿಗೆ ತಿಳಿಸುವುದೇ ಇವರ ಕೆಲಸ. ಬದಲಿಸುವ ತೀರ್ಮಾನ ಡಾಕ್ಟರದ್ದೇ.

ಬಿಲ್ ವಿಷಯ? ಒಂದೇ ಪ್ಯಾರಾಸಿಟಮಾಲ್ ಎರಡು ಬ್ರ್ಯಾಂಡ್ ಹೆಸರಲ್ಲಿ ಚೀಟಿಯಲ್ಲಿದ್ದರೆ ಒಂದನ್ನು ತೆಗೆಸುವವರೂ ಇವರೇ.

ಎಲ್ಲ ಆಸ್ಪತ್ರೆಗಳಲ್ಲೂ ಇವರು ಇರುವುದಿಲ್ಲ ಎಂಬುದು ನಿಜ. ಇಲ್ಲದ ಕಡೆ ಮನೆಯ ಗುಳಿಗೆ ಡಬ್ಬಿಯನ್ನು, ಆಯುರ್ವೇದದ ಚೂರ್ಣವನ್ನೂ ಸೇರಿಸಿ, ಡಾಕ್ಟರ ಮುಂದೆಯೇ ತೆರೆದಿಡಿ.