ವಿಶಾಖೆ ದಾಟುವ ಆಸೆ

ಹೋದ ವರ್ಷ ಜನವರಿ ಒಂದನೇ ತಾರೀಖು ಹೊಸ ಡೈರಿಯ ಮೊದಲ ಪುಟದಲ್ಲಿ ‘100 ಕಿ.ಮೀ.’ ಅಂತ ದಪ್ಪಗೆ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಒಂದು ವರ್ಷದಲ್ಲಿ ಅಷ್ಟು ಈಜುತ್ತೇನೆ ಅಂತ. ಲೆಕ್ಕ ಹಾಕಿದರೆ ಏನೂ ಜಾಸ್ತಿ ಇಲ್ಲ. ವಾರಕ್ಕೆ ಮೂರು ದಿನ, 52 ವಾರ, ಒಟ್ಟು 156 ದಿನ, ದಿನಕ್ಕೆ 641 ಮೀಟರ್. ನಾನು ಹೋಗುವ ಈಜುಕೊಳ 25 ಮೀಟರಿನದು. ಅಂದರೆ 26 ರೌಂಡು. ಅಷ್ಟೇನಾ ಅನ್ನಿಸಿತು. 42ನೇ ವಯಸ್ಸಿನಲ್ಲಿ ಈಜು ಕಲಿತವರಿಗೆ ಪೆನ್ನು ಹಿಡಿದಾಗ ಬರುವ ಧೈರ್ಯ ನೀರಿಗಿಳಿದಾಗ ಬರಲ್ಲ, ಅದು ಆಮೇಲೆ ಗೊತ್ತಾಗಿದ್ದು.

ಮೊದಲು ಈ ರೌಂಡಿನ ಜಗಳ ಹೇಳಿಬಿಡುತ್ತೇನೆ. ಹೋಗುವುದು ಒಂದು ರೌಂಡಾ, ಹೋಗಿ ಬರುವುದು ಒಂದು ರೌಂಡಾ? ನಮ್ಮ ಲೇಡೀಸ್ ಬ್ಯಾಚಿನಲ್ಲಿ ಇದರ ಬಗ್ಗೆ ಎರಡು ಪಕ್ಷಗಳಿವೆ. ನಾನು ಹೋದರೆ ಒಂದು, ಬಂದರೆ ಇನ್ನೊಂದು ಅನ್ನುವ ಪಕ್ಷ. ಹೀಗೆ ಎಣಿಸಿದರೆ ಸಂಖ್ಯೆ ಬೇಗ ಏರುತ್ತೆ, ಮನಸ್ಸಿಗೆ ಹಿತ.

ಇನ್ನು ಜನವರಿ. ಬೆಂಗಳೂರಿನಲ್ಲಿ, ಅದೂ ಬಿಸಿನೀರಿನ ವ್ಯವಸ್ಥೆ ಇಲ್ಲದ ಕೊಳಕ್ಕೆ ಹೋಗುವವರು ಜನವರಿಯಲ್ಲಿ ವರ್ಷದ ಗುರಿ ಬರೆಯಲೇಬಾರದು. ಏಣಿಯ ಮೂರನೇ ಮೆಟ್ಟಿಲಲ್ಲಿ ನಿಂತು, ಸೊಂಟದವರೆಗೆ ನೀರು ಬಂದಾಗ ಬಾಯಿಂದ ತಾನಾಗಿ ‘ಅಯ್ಯಮ್ಮಾ’ ಅಂತ ಹೊರಡುತ್ತಲ್ಲ, ಅಲ್ಲಿಗೇ ಅವತ್ತಿನ ಅರ್ಧ ಉಸಿರು ಖರ್ಚು. ಆ ತಿಂಗಳು ಹನ್ನೆರಡು ದಿನ ಹೋಗಬೇಕಿತ್ತು, ನಾಲ್ಕು ದಿನ ಹೋದೆ. ಏಪ್ರಿಲ್ ಬಂತು, ನೀರು ಹದವಾಯಿತು. ಜೊತೆಗೆ ಸಮ್ಮರ್ ಕ್ಯಾಂಪಿನ ಮಕ್ಕಳೂ ಬಂದರು. ಲೇನಿನ ತುಂಬಾ ತಲೆಗಳು. ಜೂನ್‌ನಲ್ಲಿ ಮಳೆ, ಆಗಸ್ಟ್‌ನಲ್ಲಿ ಹಬ್ಬ, ನೆಂಟರು, ಶೀತ. ಮಧ್ಯೆ ಕೊಳದ ಮೋಟರ್ ರಿಪೇರಿ ಅಂತ ಎರಡು ವಾರ ಗೇಟಿಗೆ ಬೀಗ. ಆ ಎರಡು ವಾರ ನನಗೆ ಬಂದ ಹುಮ್ಮಸ್ಸು ನೋಡಬೇಕಿತ್ತು, ಛೆ, ತೆಗೆದಿದ್ದರೆ ದಿನಾ ಹೋಗ್ತಿದ್ದೆ ಅಂತ ಮನೆಯವರ ಮುಂದೆಲ್ಲ ಹೇಳಿಕೊಂಡು ಓಡಾಡಿದೆ. ಡಿಸೆಂಬರ್ ಕೊನೆಗೆ ಕೂಡಿಸಿದರೆ 1,912 ರೌಂಡು. 47.8 ಕಿಲೋಮೀಟರ್. ಬೆಂಗಳೂರಿನಿಂದ ಹೊರಟು ರಾಮನಗರಕ್ಕೆ ಬಂದು ಬಿಡದಿ ತಟ್ಟೆ ಇಡ್ಲಿ ತಪ್ಪಿಹೋಯಿತಲ್ಲ ಅಂತ ಕೈಕೈ ಹಿಸುಕಿಕೊಂಡ ಹಾಗೆ.

ಸರಿ, ಆ 1,912 ಕೂಡ ನಿಜವಾ ಅಂತ ನನಗೇ ಅನುಮಾನ. ಯಾಕೆಂದರೆ ಈಜುವಾಗ ಎಣಿಸುವುದು ಅಂದರೆ ಸುಲಭ ಅಲ್ಲ. ಹನ್ನೊಂದು ಅಂದುಕೊಂಡು ಗೋಡೆ ಮುಟ್ಟುವಷ್ಟರಲ್ಲಿ ಕುಕ್ಕರ್ ಆಫ್ ಮಾಡಿದೆನಾ ಅನ್ನುವ ಯೋಚನೆ ಬಂದಿರುತ್ತೆ. ತಿರುಗಿದ ಮೇಲೆ ಇದು ಹನ್ನೊಂದಾ, ಹನ್ನೆರಡಾ? ಪ್ರಾಮಾಣಿಕರು ಕಡಿಮೆಯದನ್ನು ಹಿಡಿಯುತ್ತಾರೆ. ನಾನು ಹನ್ನೆರಡು ಹಿಡಿಯುತ್ತಿದ್ದೆ.

ಆಗ ಹೊಳೆದಿದ್ದು ಮಳೆ ನಕ್ಷತ್ರಗಳು. ನಮ್ಮದು ಮಂಡ್ಯದ ಕಡೆ ಹಳ್ಳಿ. ಅಪ್ಪ ಬೇಸಾಯಗಾರ. ಅವರಿಗೆ ವರ್ಷ ಅಂದರೆ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ ಮಳೆ ಶುರು, ಒಂದೊಂದು ಮಳೆಗೆ ಹದಿಮೂರು ಹದಿನಾಲ್ಕು ದಿನ. ಚಿಕ್ಕಂದಿನಲ್ಲಿ ಕೇಳಿ ಕೇಳಿ ಬಾಯಿಗೆ ಬಂದಿದ್ದ ಪಟ್ಟಿ. ಒಂದು ರೌಂಡಿಗೆ ಒಂದು ನಕ್ಷತ್ರ ಅಂತ ಇಟ್ಟುಕೊಂಡೆ. ಸಂಖ್ಯೆ ಮರೆತುಹೋಗುತ್ತೆ, ಆರಿದ್ರಾ ಮರೆಯಲ್ಲ. ಸಮಸ್ಯೆ ಏನಪ್ಪಾ ಅಂದರೆ ಅಪ್ಪನ ಪಟ್ಟಿ ವಿಶಾಖೆಗೆ ನಿಂತುಹೋಗುತ್ತಿತ್ತು. ನನ್ನ ಉಸಿರೂ ಅಲ್ಲಿಗೇ ನಿಲ್ಲುತ್ತಿತ್ತು. ವಿಶಾಖೆ ಹದಿನಾರನೆಯದು. 400 ಮೀಟರ್. ಮುಂದಿನ ಹೆಸರುಗಳನ್ನು ಕೇಳೋಣ ಅಂತ ಫೋನ್ ಮಾಡಿದೆ.

‘ವಿಶಾಖೆ ಆದ್ಮೇಲೆ ನೀರೇ ಇರಲ್ಲ ಕಣವ್ವಾ, ಅದೆಲ್ಲಿ ಈಜ್ತೀಯ’ ಅಂದರು ಅಪ್ಪ.

ಆಮೇಲೆ ಪಂಚಾಂಗ ತೆಗೆಸಿ ಉಳಿದ ಹನ್ನೊಂದು ಹೇಳಿದ್ದು ಅಮ್ಮ. ಒಟ್ಟು 27, ಕೊನೆಯದು ರೇವತಿ. ನನಗೆ ದಿನಕ್ಕೆ ಬೇಕಿದ್ದದ್ದು 26. ಇಪ್ಪತ್ತೇಳು ನಕ್ಷತ್ರ ಅಂದರೆ 675 ಮೀಟರ್. ನಮ್ಮ ಹಿರಿಯರು 25 ಮೀಟರಿನ ಈಜುಕೊಳ ನೋಡಿಯೇ ಪಟ್ಟಿ ಮಾಡಿದ ಹಾಗಿದೆ.

ಅಪ್ಪ ಈಜು ಕಲಿತದ್ದು ತೋಟದ ಬಾವಿಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ದೊಡ್ಡವರು ಮೇಲಿನಿಂದ ನೂಕುತ್ತಿದ್ದರಂತೆ, ಅಷ್ಟೇ ಕೋಚಿಂಗು. ಕಲಿತ ಮೇಲೆ ನಾಲೆ. ನಾಲೆಯಲ್ಲಿ ಯಾರೂ ಎಣಿಸುತ್ತಿರಲಿಲ್ಲ, ನೀರೇ ತಳ್ಳಿಕೊಂಡು ಹೋಗಿ ಎಲ್ಲೋ ಬಿಡುತ್ತಿತ್ತು, ಏರಿ ಮೇಲೆ ನಡೆದುಕೊಂಡು ವಾಪಸ್ ಬರುತ್ತಿದ್ದರು. ನನ್ನ ಅಣ್ಣಂದಿರೂ ಹಾಗೇ ಕಲಿತರು, ಅವರ ಕಾಲಕ್ಕೆ ಬುರುಡೆ ಹೋಗಿ ಸೊಂಟಕ್ಕೆ ಪ್ಲಾಸ್ಟಿಕ್ ಕ್ಯಾನ್ ಬಂದಿತ್ತು. ಹೆಣ್ಣುಮಕ್ಕಳನ್ನು ಮಾತ್ರ ಬಾವಿ ಕಡೆ ಬಿಡುತ್ತಿರಲಿಲ್ಲ. ಬಟ್ಟೆ ಒಗೆಯಲು ನಾಲೆಗೆ ಹೋಗಬಹುದಿತ್ತು, ಮೆಟ್ಟಿಲು ದಾಟಿ ಇಳಿಯುವ ಹಾಗಿರಲಿಲ್ಲ. ನೀರಿನ ಹತ್ತಿರ ಜಾಸ್ತಿ ಹೊತ್ತು ಇದ್ದವರು ನಾವು, ಈಜು ಬರುತ್ತಿದ್ದದ್ದು ಅವರಿಗೆ. ಇದನ್ನು ಒಮ್ಮೆ ಅಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಈಗ ತಿಂಗಳಿಗೆ ಎಷ್ಟು ಫೀಸು ಕಟ್ತೀಯ?’ ಅಂತ ಮಾತು ತಿರುಗಿಸಿದರು. ಹೇಳಿದೆ. ‘ಅಷ್ಟು ದುಡ್ಡು ಕಟ್ಟಿ, ಆ ಕಡೆ ಹೋಗಿ, ಮತ್ತೆ ಇದೇ ಕಡೆಗೆ ಬರ್ತೀಯಾ?’

ನಕ್ಷತ್ರದ ಲೆಕ್ಕಕ್ಕೆ ಬಿದ್ದ ಮೇಲೆ ಎಲ್ಲವನ್ನೂ ಅದರಲ್ಲೇ ಅಳೆಯುವ ಚಟ ಹತ್ತಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಬಾಬಿ ಫಿಂಕ್ 1500 ಮೀಟರನ್ನು 14 ನಿಮಿಷ 30.67 ಸೆಕೆಂಡಿನಲ್ಲಿ ಈಜಿ ವಿಶ್ವದಾಖಲೆ ಮಾಡಿದರು. ನಮ್ಮ ಕೊಳದ ಲೆಕ್ಕಕ್ಕೆ ಅದು 60 ರೌಂಡು. ಅಂದರೆ ಎರಡು ಸಲ ರೇವತಿ ಮುಟ್ಟಿ, ಮೂರನೇ ಸುತ್ತಿನಲ್ಲಿ ಆರಿದ್ರಾ. ನನಗೆ ಒಂದು ರೌಂಡಿಗೆ ಮುಕ್ಕಾಲು ನಿಮಿಷ ಬೇಕು. ಆ ಹದಿನಾಲ್ಕೂವರೆ ನಿಮಿಷದಲ್ಲಿ ನಾನು ಎಲ್ಲೂ ನಿಲ್ಲದೆ ಹೋದರೂ ಮೂಲಾ ನಕ್ಷತ್ರ. ಅಷ್ಟು ದೂರ ಯಾಕೆ, ಅದೇ ಒಲಿಂಪಿಕ್ಸ್‌ಗೆ ನಮ್ಮ ಬೆಂಗಳೂರಿನ ಧಿನಿಧಿ ದೇಸಿಂಗು ಹೋದಾಗ ಅವಳಿಗೆ 14 ವರ್ಷ. ಸಮ್ಮರ್ ಕ್ಯಾಂಪಿನ ಮಕ್ಕಳು ನನ್ನ ಮೇಲೆ ಹಾದುಹೋದಾಗ ಬೈಯುವ ಮೊದಲು ಇದನ್ನು ನೆನಪಿಸಿಕೊಳ್ಳುತ್ತೇನೆ. ಯಾರು ಕಂಡಿದ್ದಾರೆ.

ದೊಡ್ಡವರಿಗೂ ಒಂದು ಸಮಾಧಾನ ಇದೆ, ಮಾಸ್ಟರ್ಸ್ ಈಜು ಅನ್ನುವ ವಯಸ್ಕರ ಸ್ಪರ್ಧೆ. ಅಂತಾರಾಷ್ಟ್ರೀಯ ನಿಯಮದಲ್ಲಿ 25 ವರ್ಷದಿಂದ ಶುರುವಾಗಿ ಐದೈದು ವರ್ಷಕ್ಕೆ ಒಂದು ಗುಂಪು, ವಯಸ್ಸು ಹಿಡಿಯುವುದು ಆ ವರ್ಷದ ಡಿಸೆಂಬರ್ 31ಕ್ಕೆ. ಆ ಲೆಕ್ಕದಲ್ಲಿ ನಾನು ಈ ವರ್ಷ 45ರ ಗುಂಪಿಗೆ ಸೇರಿದೆ, ಅಲ್ಲಿ ನಾನೇ ಚಿಕ್ಕವಳು. ಬೇರೆ ಎಲ್ಲಿ ಸಿಗುತ್ತೆ ಹೇಳಿ ಈ ಭಾಗ್ಯ? ಸ್ಪರ್ಧೆಗೇನೂ ಹೋಗಲ್ಲ, ಸುಮ್ನೆ ಖುಷಿಗೆ ಹೇಳಿದೆ.

ಈ ವರ್ಷ ಕಿಲೋಮೀಟರ್ ಬರೆಯಲಿಲ್ಲ. ಜನವರಿಯಲ್ಲೂ ಬರೆಯಲಿಲ್ಲ. ಯುಗಾದಿ ದಿನ, ಎಣ್ಣೆ ನೀರು ಹಾಕಿಕೊಂಡು ಒಬ್ಬಟ್ಟು ತಿಂದು ಮಲಗಿ ಎದ್ದ ಮೇಲೆ, ಡೈರಿಯಲ್ಲಿ ‘ನಿಲ್ಲದೆ ರೇವತಿ’ ಅಂತ ಎರಡೇ ಪದ ಬರೆದೆ. ಒಂದು ಸಲ ಆದರೂ, ಎಷ್ಟೇ ನಿಧಾನ ಆದರೂ, 27 ರೌಂಡು ಕಾಲೂರದೆ.

ಕಷ್ಟ ಇರುವುದು ಕೈಕಾಲಿನಲ್ಲಿ ಅಲ್ಲ, ಉಸಿರಿನಲ್ಲಿ. ನನಗೆ ಕಲಿಸಿದ ಸರ್ ಎರಡು ವರ್ಷದಿಂದ ಹೇಳುತ್ತಿದ್ದಾರೆ, ‘ಮೇಡಂ, ಉಸಿರು ತಗೊಳ್ಳೋದು ಬಿಡಿ, ಮೊದಲು ನೀರೊಳಗೆ ಬಿಡೋದು ಕಲೀರಿ.’ ನಾನು ಬಿಡುತ್ತಿರಲಿಲ್ಲ. ಹಿಡಿದಿಟ್ಟುಕೊಂಡು, ಮುಖ ಮೇಲೆತ್ತಿದ ಆ ಅರ್ಧ ಸೆಕೆಂಡಿನಲ್ಲೇ ಹಳೆಯದನ್ನು ಬಿಟ್ಟು ಹೊಸದನ್ನು ಎಳೆಯಲು ಹೋಗಿ ಎರಡೂ ಆಗದೆ ಒದ್ದಾಡುತ್ತಿದ್ದೆ. ಮುಖ ಎತ್ತಿದರೆ ಕಾಲು ಮುಳುಗುತ್ತೆ, ಕಾಲು ಮುಳುಗಿದರೆ ಕೈಗೆ ಡಬಲ್ ಕೆಲಸ. ಈಗ ಮೂಗಿನಿಂದ ಗುಳುಗುಳು ಅಂತ ಬಿಡುತ್ತಾ ಹೋಗುತ್ತೇನೆ. ಮೊದಲು ಒಂದು ರೌಂಡಿಗೆ 34 ಸಲ ಕೈ ಬೀಸುತ್ತಿದ್ದವಳು 28ಕ್ಕೆ ಇಳಿದಿದ್ದೇನೆ. ಡೈರಿಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ, ಅಂಚಿನಲ್ಲಿ ಬರೆದುಕೊಂಡೆ.

ಇನ್ನೊಂದು ತೊಂದರೆ ಇದೆ. ನಾನು ಶುರು ಮಾಡುವುದು ಆಳ ಕಡಿಮೆ ಇರುವ ಕಡೆಯಿಂದ. ಹಾಗಾಗಿ ಸಮಸಂಖ್ಯೆಯ ನಕ್ಷತ್ರಗಳೆಲ್ಲ ಮುಗಿಯುವುದು ಕಾಲು ನಿಲುಕುವ ಕಡೆ. ನೆಲ ಸಿಗುತ್ತೆ ಅಂತ ಗೊತ್ತಾದರೆ ಸಾಕು, ಕಾಲು ನನ್ನನ್ನು ಕೇಳದೆ ಇಳಿದುಬಿಡುತ್ತೆ. ಎಷ್ಟೋ ದಿನ ಸೋತಿದ್ದು ವಿಶಾಖೆಯಲ್ಲಿ, ಸುಸ್ತಾಗಿ ಅಲ್ಲ, ಅಲ್ಲಿ ನೆಲ ಇದೆ ಅಂತ. ಕಳೆದ ಮಂಗಳವಾರ ವಿಶಾಖೆಯ ಗೋಡೆಯನ್ನು ಎರಡೂ ಕಾಲಿನಿಂದ ಒದ್ದು ತಿರುಗಿದೆ. ಅನುರಾಧಾ. ಜ್ಯೇಷ್ಠಾ ಗೋಡೆಯನ್ನೂ ಒದ್ದೆ. ಮೂಲಾ ಹೊತ್ತಿಗೆ ಆಳದ ಕಡೆ, ಎಂಟು ಅಡಿ ನೀರಿನ ಮೇಲೆ, ಗೋಡೆಯ ಕಂಬಿ ಹಿಡಿದು ನೇತಾಡಿದೆ. ಕಾಲೂರಲಿಲ್ಲ, ಊರಲು ನೆಲವೂ ಇರಲಿಲ್ಲ, ಆದರೆ ನಿಂತ ಹಾಗೆಯೇ ಲೆಕ್ಕ.

ಸಂಜೆ ಅಪ್ಪನಿಗೆ ಫೋನ್ ಮಾಡಿ ಮೂಲಾವರೆಗೆ ಬಂದೆ ಅಂದೆ.

‘ಪರವಾಗಿಲ್ಲ ಕಣವ್ವಾ’ ಅಂದರು. ‘ನಮಗಿನ್ನೂ ರೋಹಿಣಿ ಮಳೇನೇ ಬಂದಿಲ್ಲ.’