ಏನು ವಿಶೇಷ?

ಊರಿಂದ ನೆಂಟರು ಬಂದರೆ ಲ್ಯಾಂಕಾಸ್ಟರ್ ಕೌಂಟಿಗೆ ಕರೆದುಕೊಂಡು ಹೋಗುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ನಮಗೆಲ್ಲ ಮಾಮೂಲು. ಹಳೇ ಕಾಲದ ಹಾಗೆ ಸರಳವಾಗಿ ಬದುಕುವ ಕ್ರೈಸ್ತ ಪಂಗಡದವರಾದ ಆಮಿಶರ ಕುದುರೆ ಗಾಡಿ ಕಂಡ ಕೂಡಲೇ ಎಲ್ಲರ ಫೋನು ಹೊರಗೆ. ಅವರಿಗೆ ಫೋಟೊ ಇಷ್ಟವಾಗಲ್ಲ ಅಂತ ಎಷ್ಟು ಸಲ ಹೇಳಿದರೂ ಅಷ್ಟೆ. ನನ್ನ ಕಣ್ಣು ಮಾತ್ರ ರಸ್ತೆ ಬದಿಯ ಗೂಡಂಗಡಿ ಮೇಲೆ. 'ಭಾನುವಾರ ವ್ಯಾಪಾರವಿಲ್ಲ' ಅಂತ ಒಂದು ಬೋರ್ಡು, ಪಕ್ಕದಲ್ಲಿ ಸಾಲಾಗಿ ಶೂಫ್ಲೈ ಪೈ.

ನೋಡಲು ತೀರಾ ಸಾದಾ. ಕೆಳಗೆ ಮೈದಾ ಹಾಳೆ, ಅದರೊಳಗೆ ಬಿಸಿನೀರು, ಸೋಡಾ ಬೆರೆಸಿದ ಕಾಕಂಬಿ, ಮೇಲೆ ಹಿಟ್ಟು, ಸಕ್ಕರೆ, ಬೆಣ್ಣೆ ತಿಕ್ಕಿ ಉದುರಿಸಿದ ಪುಡಿ. ಬೆಂದ ಮೇಲೂ ತಳ ಒದ್ದೆಯಾಗಿ, ಜೋನಿಬೆಲ್ಲದ ಹಾಗೆ ನಾಲಿಗೆಗೆ ಅಂಟುತ್ತದೆ. ನಮ್ಮಲ್ಲಿ ಕಾಕಂಬಿ ಅಂದರೆ ಸಕ್ಕರೆ ಕಾರ್ಖಾನೆಯಿಂದ ಸ್ಪಿರಿಟ್ ಮಾಡಲು ಹೋಗುವ ಸರಕು. ಇಲ್ಲಿ ಚಳಿಗಾಲದ ಕೊನೆಗೆ ಹಣ್ಣೆಲ್ಲ ಮುಗಿದರೂ ಮನೆಯಲ್ಲಿ ಉಳಿಯುತ್ತಿದ್ದದ್ದು ಅದೇ. ಈ ಪೈಯನ್ನು ಬೆಳಗಿನ ಕಾಫಿ ಜೊತೆಗೂ ತಿನ್ನುತ್ತಾರೆ ಅಂತ ಅಮ್ಮನಿಗೆ ಫೋನಿನಲ್ಲಿ ಹೇಳಿದೆ.

"ಬೆಳಗ್ಗೆ ಬೆಳಗ್ಗೆನೇ ಸಿಹಿನಾ? ಏನು ವಿಶೇಷ ಅವರಿಗೆ?"

ವಿಶೇಷ ಏನೂ ಇಲ್ಲ. ನಮ್ಮ ಮನೆಯಲ್ಲಿ ಸಿಹಿಗೆ ಒಂದು ಕಾರಣ ಬೇಕು. ಯುಗಾದಿಗೆ ಹೋಳಿಗೆ, ಗಣೇಶನಿಗೆ ಕಡುಬು, ಪಾಸಾದರೆ ಪಾಯಸ. ಆಮಿಶರಿಗೆ ಹೊಲದ ಕೆಲಸ ಮುಗಿಸಿ ಉಣ್ಣಲು ಕೂತರೆ ಸಾಕು, ಪೈಯೋ ಪುಡ್ಡಿಂಗೋ ಬಾಟಲಿಯಲ್ಲಿ ಕಟ್ಟಿಟ್ಟ ಪೀಚ್ ಹಣ್ಣೋ ಬರುತ್ತದೆ. ಇಷ್ಟು ತಿಂದು ದಪ್ಪಗಾಗಲ್ವಾ? 2004ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಕೆನಡಾದ ಒಂಟಾರಿಯೊದ ಆಮಿಶರ ನಡಿಗೆ ಎಣಿಸಿದ್ದರು. ಗಂಡಸರು ದಿನಕ್ಕೆ ಸರಾಸರಿ 18,000 ಹೆಜ್ಜೆ, ಹೆಂಗಸರು 14,000! ನಾನು ಪಾರ್ಕಿಂಗ್‌ನಿಂದ ಆಫೀಸಿಗೆ ನಡೆಯುವುದನ್ನು ಇಲ್ಲಿ ಬರೆಯದಿದ್ದರೇ ಚೆನ್ನ.

ನನಗೆ ನಿಜಕ್ಕೂ ಹೊಟ್ಟೆಕಿಚ್ಚು ಬರುವುದು ಅವರ ಭಾನುವಾರದ ಊಟ ನೋಡಿ. ಅವರಿಗೆ ಚರ್ಚ್ ಕಟ್ಟಡವಿಲ್ಲ. ಎರಡು ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ, ಆಮೇಲೆ ಅಲ್ಲೇ ಊಟ. ಬ್ರೆಡ್ಡು, ಅದಕ್ಕೆ ಸವರಲು ಕಡಲೆಕಾಯಿ ಬೆಣ್ಣೆಯ ಸಿಹಿ ಮುದ್ದೆ, ಉಪ್ಪಿನಕಾಯಿ, ಲ್ಯಾಂಕಾಸ್ಟರ್ ಕಡೆಯಾದರೆ ಒಣ ಸೇಬಿನ ಸ್ನಿಟ್ಸ್ ಪೈ. ಯಾವ ಮನೆಗೆ ಹೋದರೂ ಹೆಚ್ಚುಕಡಿಮೆ ಇಷ್ಟೇ. ಒಬ್ಬರಿಗಿಂತ ಒಬ್ಬರು ಜಾಸ್ತಿ ಮಾಡಿ ಮೆರೆಯಬಾರದು ಅಂತ. ಹಾಗಂತ ಸುಮ್ನೆ ಹೊಗಳುವ ಹಾಗೂ ಇಲ್ಲ. ಅಷ್ಟೂ ಪೈ ಲಟ್ಟಿಸುವುದು ಹೆಂಗಸರೇ. ಹೂರಣ ರುಬ್ಬಿ ರುಬ್ಬಿ ನಮ್ಮಜ್ಜಿಯ ರಟ್ಟೆ ಬಿದ್ದುಹೋದದ್ದು ನೆನಪಾಗುತ್ತದೆ.

ಸಾವಿನ ಮನೆಯಲ್ಲಿ ಮಾತ್ರ ಅವರೂ ನಾವೂ ಹತ್ತಿರ. ಒಣದ್ರಾಕ್ಷಿ ಪೈಗೆ ಇಲ್ಲಿ ಸಾವಿನ ಪೈ ಅಂತಲೇ ಹೆಸರು. ಸಾವು ಕಾಲ ನೋಡಿ ಬರಲ್ಲ, ಒಣದ್ರಾಕ್ಷಿಗೂ ಕಾಲ ಬೇಕಿಲ್ಲ. ನಾವು ವೈಕುಂಠ ಸಮಾರಾಧನೆಗೆ ಲಾಡು ಬಡಿಸಲ್ವಾ?

ಹೋದ ಸಲ ನಮ್ಮ ಗಣೇಶನ ಹಬ್ಬದ ಸೇರುವಿಕೆಗೆ ನಾನೊಂದು ಮಾತು ಹೇಳಿದೆ. ಎಲ್ಲ ಮನೆಯಿಂದಲೂ ಬರೀ ಕಡುಬು ಬರಲಿ, ಬೇರೆ ಸಿಹಿ ಬೇಡ. ಎಲ್ಲರೂ ಒಪ್ಪಿದರು. ಆವತ್ತು ಮೇಜಿನ ಮೇಲೆ ಏಳು ಥರ ಸಿಹಿ ಇತ್ತು. ಅದರಲ್ಲಿ ಎರಡು ನಮ್ಮ ಮನೆಯದು.