ಮಧ್ಯಾಹ್ನ ಮೂಸಿ ನೋಡಿ

ಸೂಪರ್ ಮಾರ್ಕೆಟ್ಟಿನಲ್ಲಿ ಸಾಬೂನು, ಶಾಂಪೂ ಸಾಲು ದಾಟಿದ ಕೂಡಲೇ ಸೆಂಟಿನ ಕಪಾಟು. ಮುನ್ನೂರು ರೂಪಾಯಿಯ ಬಾಟಲಿ, ಮೇಲೆ ಅರ್ಥವಾಗದ ಫ್ರೆಂಚ್ ಹೆಸರು. ಟೆಸ್ಟರ್ ಒತ್ತಿ ಮೂಗಿಗೆ ಹಿಡಿದರೆ, ಏರ್‌ಪೋರ್ಟಿನಲ್ಲಿ ಹತ್ತು ಸಾವಿರ ಬೆಲೆ ಅಂಟಿಸಿಕೊಂಡು ಕೂತಿದ್ದ ಬಾಟಲಿಯ ನೆನಪು. "ಅರೆ, ಅದೇ ಇದು!" ಎಂಬ ಉದ್ಗಾರ. ಉದ್ಗಾರ ಸುಳ್ಳಲ್ಲ. ಹತ್ತು ನಿಮಿಷದ ಮಟ್ಟಿಗೆ ಅಪ್ಪಟ ನಿಜ.

ಬಾಟಲಿಯಿಂದ ಮೊದಲು ಏಳುವ ಘಮ ಹೆಚ್ಚಾಗಿ ಕಿತ್ತಳೆ, ನಿಂಬೆ, ಬರ್ಗಮಾಟ್ ಜಾತಿಯದು. ಹಗುರ, ಬೇಗ ಹಾರುತ್ತದೆ, ತಯಾರಿಸಲು ಅಗ್ಗ. ಗಿರಾಕಿ ಅಂಗಡಿಯಲ್ಲಿ ನಿಂತು ತೀರ್ಮಾನಿಸುವುದು ಇದೇ ಹೊತ್ತಿನಲ್ಲಿ ಎಂದು ಗೊತ್ತಿರುವುದರಿಂದ ನಕಲು ಮಾಡುವವರು ಈ ಭಾಗಕ್ಕೆ ಜಿಪುಣತನ ಮಾಡುವುದಿಲ್ಲ. ಕತ್ತರಿ ಬೀಳುವುದು ತಳದಲ್ಲಿ ನಿಲ್ಲಬೇಕಾದ ಮರ, ಬೇರು, ಅಂಟುಗಳ ಘಮಕ್ಕೆ. ಮದುವೆಮನೆಯ ಬಾಗಿಲಲ್ಲಿ ಚಿಮುಕಿಸುವ ಪನ್ನೀರಿನ ಹಾಗೆ: ಒಳಗೆ ಹೋಗಿ ಕುರ್ಚಿ ಹಿಡಿಯುವಷ್ಟರಲ್ಲಿ ಮಾಯ.

ಜರ್ಮನಿಯ ಲಿಡ್ಲ್ ಅಂಗಡಿಯವರು 'ಸಡನ್ಲಿ ಮದಾಂ ಗ್ಲಾಮರ್' ಎಂಬ ಸೆಂಟನ್ನು ಬ್ರಿಟನ್ನಿನಲ್ಲಿ ನಾಲ್ಕು ಪೌಂಡಿಗೆ ಒಂದು ಪೆನ್ನಿ ಕಡಿಮೆಗೆ ಮಾರಿದರು. ಜನ ಅದನ್ನು ಫ್ರಾನ್ಸಿನ ಶನೆಲ್‌ನವರ 2001ರ ದುಬಾರಿ ಸೆಂಟು 'ಕೊಕೊ ಮದ್‌ಮೊಝೆಲ್' ಪಕ್ಕ ಇಟ್ಟು ತೂಗಿದರು. ಕಿತ್ತಳೆ, ಗುಲಾಬಿ, ಪಚೋಲಿ ಎಂಬ ಘಮದೆಲೆ, ಈ ಹಂದರ ಎರಡಕ್ಕೂ ಹತ್ತಿರಹತ್ತಿರ ಒಂದೇ. ಹಂದರ ಒಂದಾದ ಮಾತ್ರಕ್ಕೆ ಬಳ್ಳಿಯೂ ಒಂದೇ ಆಗಬೇಕಿಲ್ಲ, ಅದು ಬೇರೆ ಮಾತು.

ದುಬಾರಿ ಬಾಟಲಿಯೊಳಗೆಲ್ಲ ಹೂವಿನ ಸಾರವೇ ತುಂಬಿದೆ ಎಂಬ ನಂಬಿಕೆಯೊಂದಿದೆ. ಲಾಂಕೋಮ್‌ನವರ 'ಟ್ರೆಸೋರ್' ನೋಡಿ. 1990ರಲ್ಲಿ ಸೋಫಿಯಾ ಗ್ರೊಯ್ಸ್‌ಮನ್ ಕಟ್ಟಿದ ಈ ಪ್ರಸಿದ್ಧ ಸುಗಂಧದ ಬಹುಪಾಲು ನಾಲ್ಕೇ ನಾಲ್ಕು ಕಾರ್ಖಾನೆಯ ಪದಾರ್ಥ: ಐಸೋ ಇ ಸೂಪರ್, ಗ್ಯಾಲಕ್ಸೊಲೈಡ್, ಹೆಡಿಯೋನ್, ಮೀಥೈಲ್ ಅಯೋನೋನ್. ಡ್ರಮ್ಮುಗಟ್ಟಲೆ ಸಿಗುವ ಸರಕು. ಗ್ಯಾಲಕ್ಸೊಲೈಡ್ ಅಂತೂ ಬಟ್ಟೆ ಸೋಪಿನ ಪುಡಿಯಲ್ಲೂ ಉಂಟು. 'ಒಗೆದ ಬಟ್ಟೆಯ ವಾಸನೆ' ಎಂದು ನಾವು ಹೇಳುವುದರಲ್ಲಿ ಅದರ ಪಾಲು ದೊಡ್ಡದು. ಇನ್ನು ಐಸೋ ಇ ಸೂಪರನ್ನು ಒಂಟಿಯಾಗಿ ಮದ್ಯಸಾರದಲ್ಲಿ ಕರಗಿಸಿ 2006ರಲ್ಲಿ 'ಮಾಲಿಕ್ಯೂಲ್ 01' ಎಂಬ ಹೆಸರಿನಲ್ಲಿ ದುಬಾರಿ ಬೆಲೆಗೆ ಮಾರಿದರು. ಕೊಂಡವರು ಮೆಚ್ಚಿಕೊಂಡೇ ಹಾಕಿಕೊಂಡರು. ಬೆಲೆಗೂ ದ್ರವಕ್ಕೂ ಇರುವ ನಂಟು ದೂರದ ನೆಂಟಸ್ತನ. ನಡುವೆ ಬಾಟಲಿ, ಪೆಟ್ಟಿಗೆ, ಜಾಹೀರಾತಿನ ನಟಿ, ಅಂಗಡಿಯ ಪಾಲು, ತೆರಿಗೆ ಎಲ್ಲರೂ ಸಾಲಾಗಿ ಕೂತಿರುತ್ತಾರೆ.

ಅದೇ ಟ್ರೆಸೋರ್ ಕೋರ್ಟನ್ನೂ ಹತ್ತಿತು. ಡಚ್ ಕಂಪನಿಯೊಂದು ಅದರಂಥದೇ ಘಮವನ್ನು ಅಗ್ಗಕ್ಕೆ ಮಾರಿದಾಗ, ಪರಿಮಳಕ್ಕೂ ಕೃತಿಸ್ವಾಮ್ಯ ಇರಬಹುದು ಎಂದಿತು ನೆದರ್ಲೆಂಡ್ಸ್‌ನ ಸುಪ್ರೀಂ ಕೋರ್ಟ್, 2006ರ ಜೂನ್‌ನಲ್ಲಿ. ಅದೇ ವಾರ, ಬೇರೊಂದು ಮೊಕದ್ದಮೆಯಲ್ಲಿ, ಇಲ್ಲ ಎಂದಿತು ಫ್ರಾನ್ಸಿನ ಉಚ್ಚತಮ ನ್ಯಾಯಾಲಯ. ಸುಗಂಧದ ತವರುಮನೆಯೇ ಹೀಗಂದರೆ ನಕಲಿನವರಿಗೆ ಇನ್ನೇನು ಬೇಕು? ಆದರೂ 'ನಮ್ಮ ಐದನೇ ನಂಬರು ಅವರ ಇಂಥ ಸೆಂಟಿಗೆ ಸಮ' ಎಂದು ಪಟ್ಟಿ ಮಾಡಿ ಹಂಚುವುದಕ್ಕೆ 2009ರಲ್ಲಿ ಯುರೋಪಿನ ನ್ಯಾಯಾಲಯ ತಡೆ ಹಾಕಿತು. ಹೋಲಬಹುದು, ಹೋಲುತ್ತದೆ ಎಂದು ಹೇಳಿಕೊಳ್ಳುವಂತಿಲ್ಲ!

ಹಾಗಾದರೆ ಯಂತ್ರಕ್ಕೆ ಹಾಕಿ ಯಥಾವತ್ ನಕಲು ಮಾಡಬಾರದೇ? ಮಾಡುತ್ತಾರೆ. ಗ್ಯಾಸ್ ಕ್ರೊಮೆಟೊಗ್ರಾಫ್ ಎಂಬ ಯಂತ್ರ ಘಟಕಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುತ್ತದೆ. ಎಡವುವುದು ಎರಡು ಕಡೆ. ಗುಲಾಬಿ ಎಣ್ಣೆಯಂಥ ಸಹಜ ಎಣ್ಣೆಯಲ್ಲಿ ನೂರಾರು ಘಟಕಗಳು. ತೀರಾ ಅಲ್ಪ ಪ್ರಮಾಣದವೇ ಮೂಗಿಗೆ ಹೆಚ್ಚು ಮುಖ್ಯ ಎಂಬುದೂ ಉಂಟು. ಎರಡನೆಯದು, ದೊಡ್ಡ ಸುಗಂಧ ಕಂಪನಿಗಳು ಕೆಲವು ಅಣುಗಳನ್ನು ಪೇಟೆಂಟ್ ಮಾಡಿ ತಮ್ಮಲ್ಲೇ ಕಟ್ಟಿಹಾಕಿಕೊಂಡಿರುತ್ತವೆ, ಹೊರಗೆ ಮಾರುವುದಿಲ್ಲ. ಯಂತ್ರ ಹೆಸರು ಹೇಳಿದರೂ ಸರಕು ಸಿಗುವುದಿಲ್ಲ.

ಮನೆಯಲ್ಲಿ ಪರೀಕ್ಷೆ ಮಾಡುವುದಾದರೆ ಬಾಟಲಿ ಕಣ್ಣಿಗೆ ಬೀಳಬಾರದು. ಮೂರು ಕಾಗದದ ಪಟ್ಟಿ ಬೇಕು. ಎರಡಕ್ಕೆ ಒಂದೇ ಸೆಂಟು, ಮೂರನೆಯದಕ್ಕೆ ಇನ್ನೊಂದು, ಹೊಡೆದುಕೊಡುವವರು ಬೇರೆಯವರಿರಲಿ. ಅರ್ಧ ಅಡಿ ದೂರದಿಂದ ಒಂದೇ ಸಲ ಒತ್ತಿ, ಮದ್ಯಸಾರದ ಗಾಟು ಹೋಗಲು ಒಂದು ನಿಮಿಷ ಬಿಟ್ಟು, ಬೇರೆಯದು ಯಾವುದೆಂದು ಹೇಳಿ. ಪ್ರತಿ ಸಲ ಹೊಸ ಪಟ್ಟಿ ತೆಗೆದುಕೊಂಡು ಆರು ಸಲ ಹೀಗೆ. ಕಣ್ಣುಮುಚ್ಚಿ ಊಹಿಸಿದರೂ ಎರಡು ಸಲ ಸರಿಯಾಗಬಹುದು. ಐದಾದರೂ ಸರಿಯಾದರೆ ನಿಮ್ಮ ಮೂಗಿಗೆ ವ್ಯತ್ಯಾಸ ಗೊತ್ತಾಗುತ್ತಿದೆ ಎನ್ನಬಹುದು. ಅದೇ ಪಟ್ಟಿಗಳನ್ನು ಎರಡು ಗಂಟೆಯ ಮೇಲೆ, ಮತ್ತೆ ಊಟವಾದ ಮೇಲೆ ಮೂಸಿ. ಬೆಳಿಗ್ಗೆ ಸಮಸಮವಾಗಿದ್ದವು ಮಧ್ಯಾಹ್ನಕ್ಕೆ ಬೇರೆ ದಾರಿ ಹಿಡಿಯುವುದು ಸಾಮಾನ್ಯ: ಒಂದರಲ್ಲಿ ಒಣಗಿದ ಪಚೋಲಿ ಎಲೆ, ಇನ್ನೊಂದರಲ್ಲಿ ಬೊಂಬಾಯಿ ಮಿಠಾಯಿಯಂಥ ಸಿಹಿ. ನಡುವೆ ಮೂಗು ದಣಿದರೆ ಸೆಂಟಿನಂಗಡಿಯವರ ಹಾಗೆ ಕಾಫಿ ಬೀಜ ಹುಡುಕಬೇಡಿ, ನಿಮ್ಮದೇ ಅಂಗಿಯ ತೋಳು ಸಾಕು.

ಒಂದು ಎಚ್ಚರಿಕೆ. 'ಎರಡೇ ಗಂಟೆಗೆ ಹೋಯ್ತು' ಎಂಬ ದೂರಿನಲ್ಲಿ ಅರ್ಧ ತಪ್ಪು ಮೂಗಿನದು. ಗ್ಯಾಲಕ್ಸೊಲೈಡಿನ ವಾಸನೆಯೇ ಹತ್ತದ ಜನರಿದ್ದಾರೆ. ಹತ್ತುವವರ ಮೂಗೂ ಸ್ವಲ್ಪ ಹೊತ್ತಿಗೆ ಅದನ್ನು ಮರೆಯುತ್ತದೆ. ಇನ್ನೂ ನಾಲ್ಕು ಸಲ ಒತ್ತಿಕೊಂಡು ಬಸ್ಸು ಹತ್ತುವ ಮೊದಲು ಪಕ್ಕದವರನ್ನು ಕೇಳಿದರೆ ಅವರಿಗೂ ಉಪಕಾರ.

ಲೆಕ್ಕಕ್ಕೆ ಬರೋಣ. ಒಂದು ಒತ್ತಿಗೆ ಸುಮಾರು 0.1 ಮಿಲಿ. ಹತ್ತು ಸಾವಿರದ 100 ಮಿಲಿ ಬಾಟಲಿಯಲ್ಲಿ ಸಾವಿರ ಒತ್ತು. ಒಂದಕ್ಕೆ ಹತ್ತು ರೂಪಾಯಿ, ದಿನಕ್ಕೆ ನಾಲ್ಕಾದರೆ ನಲವತ್ತು. ಮುನ್ನೂರರ 50 ಮಿಲಿಯಲ್ಲಿ ಐನೂರು ಒತ್ತು, ಒಂದಕ್ಕೆ ಅರವತ್ತು ಪೈಸೆ. ದಿನಕ್ಕೆ ಮೂರು ಹೊತ್ತು ನಾಲ್ಕುನಾಲ್ಕು ಒತ್ತಿಕೊಂಡರೂ ಏಳು ರೂಪಾಯಿ ಇಪ್ಪತ್ತು ಪೈಸೆ. ನಿಂಬೆ, ಸಾಬೂನು, ಲ್ಯಾವೆಂಡರ್ ಜಾತಿಯ ಘಮ ಸಾಕು ಎನ್ನುವವರು ಕಣ್ಣುಮುಚ್ಚಿ ಅಗ್ಗದ್ದು ಕೊಳ್ಳಬಹುದು. ಅಲ್ಲಿ ದುಬಾರಿಯದಕ್ಕೂ ಹೆಚ್ಚಿನ ಆಯುಸ್ಸಿಲ್ಲ.

ಶ್ರೀಗಂಧದ ಲೆಕ್ಕ ಬೇರೆ. ಮೈಸೂರಿನಲ್ಲಿ 1916ರಿಂದ ಗಂಧದೆಣ್ಣೆ ಇಳಿಸುತ್ತಿದ್ದಾರೆ. ಚೇಗು, ಅಂದರೆ ಘಮವಿರುವ ಒಳತಿರುಳು, ಬಲಿಯಲು ಮರಕ್ಕೆ ದಶಕಗಳೇ ಬೇಕು. ಈ ಎಣ್ಣೆ ಮುನ್ನೂರರ ಬಾಟಲಿಯಲ್ಲಿರುವ ಮಾತೇ ಇಲ್ಲ. ಹತ್ತು ಸಾವಿರದ್ದರಲ್ಲೂ ಸಾಮಾನ್ಯವಾಗಿ ಇರುವುದು ಜಾವನಾಲ್, ಎಬನಾಲ್ ಎಂಬ ಕಾರ್ಖಾನೆಯ ಗಂಧ. ಸಾಣೆಕಲ್ಲಿನ ಮೇಲೆ ಕೊರಡು ತೇಯ್ದಾಗ ಬರುವ ಹಾಲುಹಾಲಾದ ತಣ್ಣನೆಯ ಕಂಪು ಗೊತ್ತಿರುವವರಿಗೆ ಎರಡರ ಸೋಗೂ ಬಯಲಾಗುತ್ತದೆ.

ಯಾವುದನ್ನೇ ಕೊಂಡರೂ ಬಚ್ಚಲುಮನೆಯ ಕಿಟಕಿಯಲ್ಲಿ ಇಡಬೇಡಿ. ಬಿಸಿಲು, ಹಬೆ ಸೇರಿ ಕಿತ್ತಳೆಯ ಘಮವನ್ನು ಮೊದಲು ಹುಳಿಯಾಗಿಸುತ್ತವೆ. ಸಿಹಿ ಸೆಂಟಿನಲ್ಲಿರುವ ವೆನಿಲಿನ್ ದಿನ ಕಳೆದಂತೆ ಕಂದಾಗುತ್ತದೆ, ಬಾಟಲಿಯಲ್ಲೂ ಬಟ್ಟೆಯಲ್ಲೂ. ಬಿಳಿ ಅಂಗಿಯ ಕಾಲರಿನ ಮೇಲೆ ಟೀ ಚೆಲ್ಲಿದಂಥ ಕಲೆ ಕಂಡರೆ ಟೀ ಕುಡಿದವರನ್ನು ಬೈಯಬೇಡಿ.